ಚರ್ಮದ ಅಂಗಿಯೂ ‘ಸಾಕು’ ಎಂಬ ಮಾತೂ

ಕಪ್ಪು ಚರ್ಮದ ಅಂಗಿ, ಮುಖಕ್ಕೊಂದು ಮುಸುಕು, ಕೈಯಲ್ಲೊಂದು ಚಾವಟಿ. ಇಷ್ಟನ್ನು ತೆರೆಯ ಮೇಲೆ ತೋರಿಸಿಬಿಟ್ಟರೆ ನಿರ್ದೇಶಕನ ಕೆಲಸ ಮುಗಿಯಿತು. ಈ ಪಾತ್ರ ಖಳನದು, ಇಲ್ಲವೇ ಮತಿಗೆಟ್ಟವನದು, ಅದೂ ಇಲ್ಲವಾದರೆ ನಗೆಪಾಟಲಿಗೆಂದೇ ತಂದದ್ದು ಎಂದು ಪ್ರೇಕ್ಷಕ ತಾನಾಗಿಯೇ ತೀರ್ಮಾನಿಸುತ್ತಾನೆ. ಆ ಪೋಷಾಕನ್ನು ತೊಡುವ ಜನರು ತಮ್ಮತಮ್ಮೊಳಗೆ ಆಡುವ ಮಾತು ಏನು, ಆ ಮಾತಿನಿಂದ ಅವರು ಸಾಧಿಸಿದ್ದು ಏನು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಪಾಶ್ಚಾತ್ಯ ಚಲನಚಿತ್ರವೂ ಅದರ ಬೆನ್ನುಹತ್ತಿದ ನಮ್ಮ ಭಾನುವಾರದ ಪುರವಣಿಗಳೂ ಬಟ್ಟೆಯನ್ನು ಕದ್ದು ಭಾಷೆಯನ್ನು ಬೀದಿಗೆ ಎಸೆದಿವೆ ಎಂಬುದು ನನ್ನ ಆಕ್ಷೇಪಣೆ. ಎಸೆದದ್ದೇ ಬೆಲೆಯುಳ್ಳದ್ದಾಗಿತ್ತು ಎಂಬುದು ನನ್ನ ವಾದ.

ಸಂಘದ ತ್ರೈಮಾಸಿಕದಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವ ಹಿರಿಯರು ಇದ್ದೇ ಇರುತ್ತಾರೆ. ಅವರಿಗೆ ಒಂದು ಚಿತ್ರವನ್ನು ನೆನಪಿಸುತ್ತೇನೆ. 1968ರಲ್ಲಿ ತೆರೆಕಂಡ ‘ಪಡೋಸನ್’ನಲ್ಲಿ ಮೆಹಮೂದ್ ಅವರು ದಕ್ಷಿಣದ ಸಂಗೀತ ಮೇಷ್ಟರ ಪಾತ್ರ ವಹಿಸಿದ್ದರು. ಜುಟ್ಟು, ನಾಮ, ಪಂಚೆ, ಹಿಂದಿಯನ್ನು ತಿರುಚಿ ಆಡುವ ನಾಲಗೆ. ಉತ್ತರದ ಪ್ರೇಕ್ಷಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅದೇ ಕಾಲದ ಮುಂಬಯಿಯಲ್ಲಿ ಲುಂಗಿಯ ಹೆಸರು ಹಿಡಿದು ಕೂಗಿದ ಘೋಷಣೆ ಎಷ್ಟು ಜನರ ಹೋಟೆಲುಗಳ ಗಾಜನ್ನು ಪುಡಿಮಾಡಿತೆಂದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಜನಸಮುದಾಯವನ್ನು ಉಡುಪು ಮತ್ತು ಉಚ್ಚಾರಕ್ಕೆ ಇಳಿಸಿಬಿಟ್ಟರೆ ಆ ಮೇಲೆ ಅದರ ಮೇಲೆ ಏನನ್ನೂ ಎಸೆಯಬಹುದು ಎಂಬ ಪಾಠವನ್ನು ಹೊರನಾಡ ಕನ್ನಡಿಗ ಪುಸ್ತಕದಿಂದ ಕಲಿತವನಲ್ಲ. ಆದ್ದರಿಂದ ಈ ಮಾತನ್ನು ಇಲ್ಲಿ ಆಡುವ ಹಕ್ಕು ನನಗಿದೆಯೆಂದು ಭಾವಿಸಿದ್ದೇನೆ.

ಮೊದಲು ಹೆಸರಿನ ಅನ್ಯಾಯವನ್ನು ನೋಡೋಣ. 1886ರಲ್ಲಿ ಮನೋವೈದ್ಯ ಕ್ರಾಫ್ಟ್ ಎಬಿಂಗ್ ತನ್ನ ‘ಸೈಕೋಪಾಥಿಯಾ ಸೆಕ್ಷುಆಲಿಸ್’ ಗ್ರಂಥವನ್ನು ಪ್ರಕಟಿಸಿದ. ಬ್ಯಾಸ್ಟಿಲ್ ಸೆರೆಮನೆಯಲ್ಲಿ ಕುಳಿತು 1785ರಲ್ಲಿ ಕ್ರೌರ್ಯದ ಮಹಾಪಟ್ಟಿಯನ್ನೇ ಬರೆದ ಮಾರ್ಕ್ವಿಸ್ ದ ಸಾದ್‌ನ ಹೆಸರು ಒಂದು ವ್ಯಾಧಿಗೆ ಅಂಟಿತು. ಇನ್ನೊಂದಕ್ಕೆ ಕಾದಂಬರಿಕಾರ ಸಾಕರ್ ಮಾಸೋಕ್‌ನ ಹೆಸರು. ಎರಡನೆಯವನು ಆಗಿನ್ನೂ ಬದುಕಿದ್ದ, ಸತ್ತದ್ದು 1895ರಲ್ಲಿ. ಮುಂದೆ ಈ ಎರಡು ಹೆಸರುಗಳನ್ನು ಬೆಸೆದು ಒಂದೇ ಪದ ಮಾಡಿದರು. ಇವೆರಡೂ ಒಂದರ ಎರಡು ಮುಖಗಳಲ್ಲವೆಂದು ಫ್ರಾನ್ಸಿನ ತತ್ತ್ವಜ್ಞ ದೆಲ್ಯೂಜ್ 1967ರಲ್ಲಿಯೇ ವಾದಿಸಿದ. ಸಾದ್‌ನ ಖಳನಿಗೆ ಒಪ್ಪಿಗೆ ಕೊಡುವ ಬಲಿ ಬೇಕಾಗಿಲ್ಲ. ಒಪ್ಪಿಗೆ ಸಿಕ್ಕಿದರೆ ಅವನ ರುಚಿಯೇ ಕೆಡುತ್ತದೆ. ಮಾಸೋಕ್‌ನ ನಾಯಕನಿಗಾದರೋ ಒಪ್ಪಂದವಿಲ್ಲದೆ ಒಂದು ಹೆಜ್ಜೆಯೂ ಸಾಗದು. ಮಾಸೋಕ್ 1869ರ ಡಿಸೆಂಬರಿನಲ್ಲಿ ಫ್ಯಾನಿ ಪಿಸ್ಟರ್ ಎಂಬಾಕೆಯೊಡನೆ ನಿಜವಾಗಿಯೇ ಕರಾರು ಮಾಡಿಕೊಂಡಿದ್ದ. ಅವಧಿ ಆರು ತಿಂಗಳು. ಆಕೆ ಆದಷ್ಟೂ ತುಪ್ಪಳದ ಉಡುಪನ್ನೇ ಧರಿಸತಕ್ಕದ್ದು. ಅವನಿಗೆ ತನ್ನ ಕೆಲಸಕ್ಕೆಂದು ದಿನದಲ್ಲಿ ಕೆಲವು ಗಂಟೆಗಳನ್ನು ಬಿಟ್ಟುಕೊಡತಕ್ಕದ್ದು. ಕಡತಗಳ ನಡುವೆಯೇ ವಯಸ್ಸು ಸವೆಸಿದ ನನ್ನಂಥವನಿಗೆ ಈ ದಸ್ತಾವೇಜನ್ನು ಓದಿ ನಗು ಬಂದರೂ ಅದರೊಳಗಿನ ಶಿಸ್ತು ಕಣ್ಣಿಗೆ ಬೀಳದಿರಲಿಲ್ಲ. ಅವಧಿ ಉಂಟು, ಷರತ್ತು ಉಂಟು, ಉಡುಪಿಗೂ ಒಂದು ಕಲಮು ಉಂಟು. ಸರ್ಕಾರದ ಎಷ್ಟೋ ಗುತ್ತಿಗೆ ಪತ್ರಗಳಲ್ಲಿ ಈ ಸ್ಪಷ್ಟತೆಯಿಲ್ಲ.

ನಮ್ಮ ನಿಘಂಟುಗಳು ಮಾಡಿದ್ದೇನು? ಪರಪೀಡನ, ಸ್ವಪೀಡನ ಎಂದು ಪೀಡನೆಯನ್ನು ಮಾತ್ರ ಅನುವಾದಿಸಿದವು. ಕರಾರು ಕನ್ನಡಕ್ಕೆ ಬರಲೇ ಇಲ್ಲ.

ಇನ್ನು ಪೋಷಾಕು. ಇದರ ಹುಟ್ಟು ಯಾವ ರಾಕ್ಷಸ ಗುಹೆಯಲ್ಲಿಯೂ ಅಲ್ಲ, ದುಡಿಮೆಯಲ್ಲಿ ಮತ್ತು ಯುದ್ಧದಲ್ಲಿ. ನ್ಯೂಯಾರ್ಕಿನ ಶಾಟ್ ಕಂಪನಿ 1928ರಲ್ಲಿ ಮೋಟಾರ್ ಸೈಕಲ್ ಸವಾರರಿಗಾಗಿ ಚರ್ಮದ ಅಂಗಿಯನ್ನು ಹೊಲಿಯಿತು. ಬಿದ್ದರೆ ಮೈ ತರಚದಿರಲಿ ಎಂಬುದಷ್ಟೇ ಅದರ ಉದ್ದೇಶ. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸಲಿಂಗಪ್ರೇಮಿ ಸೈನಿಕರಲ್ಲಿ ಅನೇಕರಿಗೆ ತವರೂರಿನ ಕಿರಿದಾದ ಬಾಳು ಒಗ್ಗಲಿಲ್ಲ. ಅವರು ಬಂದರು ನಗರಗಳಲ್ಲಿ ನೆಲೆನಿಂತು ಮೋಟಾರ್ ಸೈಕಲ್ ಕೂಟಗಳನ್ನು ಕಟ್ಟಿಕೊಂಡರು. ಲಾಸ್ ಏಂಜಲಿಸಿನ ‘ಸಟಾಯರ್ಸ್’ ಕೂಟ 1954ರದು. ಅದಕ್ಕೆ ಒಂದು ವರ್ಷ ಮೊದಲು ‘ದ ವೈಲ್ಡ್ ಒನ್’ ಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ ಅದೇ ಬಗೆಯ ಅಂಗಿ ತೊಟ್ಟು ನಿಂತಿದ್ದ. ಸಲಿಂಗಪ್ರೇಮಿಯೆಂದರೆ ಬಳುಕುವ ನಡೆಯ ಹೆಣ್ಣಿಗನೆಂದು ಹೀಯಾಳಿಸುತ್ತಿದ್ದ ಕಾಲದಲ್ಲಿ ಈ ಗಂಡಸರು ಆ ಅಂಗಿಯನ್ನೇ ತಮ್ಮ ಗುರುತಾಗಿ ಆರಿಸಿಕೊಂಡರು. 1958ರಲ್ಲಿ ಷಿಕಾಗೋದಲ್ಲಿ ‘ಗೋಲ್ಡ್ ಕೋಸ್ಟ್’ ಪಾನಗೃಹ ಅವರಿಗಾಗಿಯೇ ತೆರೆಯಿತು. ಫಿನ್ಲೆಂಡಿನಲ್ಲಿ ‘ಟಾಮ್’ ಎಂಬ ಹೆಸರಿನಿಂದ ಚಿತ್ರ ಬರೆಯುತ್ತಿದ್ದ ಟೌಕೊ ಲಾಕ್ಸೊನೆನ್ ಈ ರೂಪವನ್ನು ರೇಖೆಗಳಲ್ಲಿ ಸ್ಥಿರಗೊಳಿಸಿದ. ಅವಮಾನಕ್ಕೆ ಉತ್ತರವಾಗಿ ತೊಟ್ಟ ಬಟ್ಟೆ ಅದು.

ಆ ಬಟ್ಟೆಗೆ ವ್ಯಾಕರಣವೂ ಬಂತು. ಎಪ್ಪತ್ತರ ದಶಕದ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಪ್ಯಾಂಟಿನ ಹಿಂಜೇಬಿನಿಂದ ಇಣುಕುವ ಬಣ್ಣದ ಕರವಸ್ತ್ರ ಒಂದು ಸಂಕೇತವಾಯಿತು. ಎಡಜೇಬಿನಲ್ಲಿದ್ದರೆ ನಡೆಸುವವನು, ಬಲಜೇಬಿನಲ್ಲಿದ್ದರೆ ನಡೆಸಿಕೊಳ್ಳುವವನು. ಕಪ್ಪು ಬಣ್ಣ ಇದ್ದರೆ ಚಾವಟಿ ಮುಂತಾದ ಕಠಿಣ ಆಟದ ಸೂಚನೆ. ಬಾಯಿಬಿಟ್ಟು ಕೇಳಿದರೆ ಪೊಲೀಸರ ಕೈಗೆ ಸಿಕ್ಕುವ ಕಾಲ. ಬಟ್ಟೆಯೇ ಮಾತನಾಡಬೇಕಾಗಿತ್ತು.

ಆದರೆ ನನ್ನ ಮೆಚ್ಚುಗೆ ಇರುವುದು ಬಟ್ಟೆಯ ಮೇಲಲ್ಲ, ಅವರ ಒಳನುಡಿಯ ಮೇಲೆ. ನ್ಯೂಯಾರ್ಕಿನಲ್ಲಿ 1971ರಲ್ಲಿ ‘ಯೂಲೆನ್‌ಸ್ಪೀಗೆಲ್ ಸೊಸೈಟಿ’, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1974ರಲ್ಲಿ ‘ಸೊಸೈಟಿ ಆಫ್ ಜೇನಸ್’, ಅಲ್ಲಿಯೇ 1978ರಲ್ಲಿ ಸ್ತ್ರೀಯರದೇ ಆದ ‘ಸಾಮೋಯಿ’ ಕೂಟ ಹುಟ್ಟಿಕೊಂಡವು. ಈ ಲೋಕದಲ್ಲಿ ಬೆಳೆದ ಪದಗಳನ್ನು ಸ್ವಲ್ಪ ನಿಂತು ನೋಡಿ. ಅವರು ನಡೆಸುವುದಕ್ಕೆ ‘ಪ್ಲೇ’ ಎನ್ನುತ್ತಾರೆ, ಆಟ. ಅದು ನಡೆಯುವ ಹೊತ್ತಿಗೆ ‘ಸೀನ್’, ನಾಟಕದ ದೃಶ್ಯ; ಅಂದರೆ ಅದಕ್ಕೊಂದು ಆರಂಭವಿದೆ, ತೆರೆ ಬೀಳುವ ಒಂದು ಗಳಿಗೆಯಿದೆ. ‘ಟಾಪ್’, ‘ಬಾಟಮ್’ ಎಂಬ ಮೇಲುಕೀಳುಗಳು ಜಾತಿಗಳಲ್ಲ, ಪಾತ್ರಗಳು. ಎರಡನ್ನೂ ವಹಿಸಬಲ್ಲವನು ‘ಸ್ವಿಚ್’. ಎಷ್ಟು ಕೇಳಿದರೂ ದಾಟಕೂಡದ ಗೆರೆ ‘ಹಾರ್ಡ್ ಲಿಮಿಟ್’. ಆಟ ಮುಗಿದ ಮೇಲೆ ಹೊದಿಕೆ ಹೊದಿಸಿ ನೀರು ಕೊಟ್ಟು ಪಕ್ಕದಲ್ಲಿ ಕುಳಿತಿರುವ ಕರ್ತವ್ಯಕ್ಕೆ ‘ಆಫ್ಟರ್‌ಕೇರ್’. ಈ ಆಟದ ಗೊಡವೆಗೆ ಹೋಗದ ನಮ್ಮನಿಮ್ಮಂಥವರು ‘ವೆನಿಲಾ’, ಸಪ್ಪೆ ಐಸ್‌ಕ್ರೀಮು. ಬೈಗುಳವೇ ಆದರೂ ಸಿಹಿಯಾದ ಬೈಗುಳ. ಕೆಳಗಿದ್ದುಕೊಂಡೇ ಮೇಲಿನವನನ್ನು ಕುಣಿಸುವುದಕ್ಕೂ ಅವರಲ್ಲಿ ಒಂದು ಆಡುಮಾತಿದೆ: ‘ಟಾಪಿಂಗ್ ಫ್ರಮ್ ದ ಬಾಟಮ್’. ಕೇಂದ್ರ ಸಚಿವಾಲಯದಲ್ಲಿ ಟಿಪ್ಪಣಿ ಬರೆಯುವ ಸಹಾಯಕನನ್ನೂ ಅದಕ್ಕೆ ರುಜು ಹಾಕುವ ಕಾರ್ಯದರ್ಶಿಯನ್ನೂ ಹತ್ತಿರದಿಂದ ಕಂಡವರಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬರಹದಲ್ಲಿ ಅವರು ಮೇಲಿನವನಿಗೆ ದೊಡ್ಡಕ್ಷರ, ಕೆಳಗಿನವನಿಗೆ ಚಿಕ್ಕಕ್ಷರ ಬಳಸುವುದುಂಟು. ನಮ್ಮ ಲಿಪಿಯಲ್ಲಿ ಆ ಸೌಕರ್ಯವಿಲ್ಲ. ನಾವು ಅದೇ ಕೆಲಸವನ್ನು ಏಕವಚನ ಬಹುವಚನಗಳಿಂದ ಶತಮಾನಗಳಿಂದ ಮಾಡಿಕೊಂಡು ಬಂದಿದ್ದೇವೆ, ಎದುರಿನವನ ಒಪ್ಪಿಗೆಯನ್ನೇನೂ ಕೇಳದೆ.

ಎಲ್ಲಕ್ಕಿಂತ ಮಿಗಿಲಾದ ಪದ ‘ಸೇಫ್‌ವರ್ಡ್’. ಇದರ ಬೆಲೆ ತಿಳಿಯಬೇಕಾದರೆ ನಾವು ವಾತ್ಸ್ಯಾಯನನ ಬಳಿಗೆ ಹೋಗಬೇಕು. ಕಾಮಸೂತ್ರದ ಎರಡನೆಯ ಅಧಿಕರಣದಲ್ಲಿ ನಖಕ್ಷತ, ದಂತಕ್ಷತಗಳ ಅಧ್ಯಾಯಗಳಾದ ಮೇಲೆ ಪ್ರಹಣನ ಮತ್ತು ಸೀತ್ಕಾರಗಳ ಅಧ್ಯಾಯವೊಂದಿದೆ, ಪ್ರಹಣನವೆಂದರೆ ಹೊಡೆತ. ಹೊಡೆತಕ್ಕೆ ಪ್ರತಿಯಾಗಿ ಹೊಮ್ಮುವ ಧ್ವನಿಗಳನ್ನು ಎಣಿಸುವಾಗ ಅವನು ಅಮ್ಮನನ್ನು ಕರೆಯುವ ಮಾತು, ತಡೆಯುವ ಮಾತು, ಬಿಡು ಎನ್ನುವ ಮಾತು, ಸಾಕು ಎನ್ನುವ ಮಾತು ಇವೆಲ್ಲವನ್ನೂ ಆ ಪಟ್ಟಿಯಲ್ಲಿಯೇ ಸೇರಿಸಿದ್ದಾನೆ. ಎಂದರೆ ‘ಸಾಕು’ ಎಂಬುದು ಅವನ ದೃಷ್ಟಿಯಲ್ಲಿ ಕಾಮದ ಉದ್ಗಾರವೂ ಆಗಬಲ್ಲದು. ಹಾಗಾದರೆ ನಿಜವಾದ ‘ಸಾಕು’ ಯಾವುದು, ಆಟದ ‘ಸಾಕು’ ಯಾವುದು? ತಿಳಿಯುವ ಬಗೆ ಹೇಗೆ? ಶಾಸ್ತ್ರಕಾರ ಅದನ್ನು ಗಂಡಸಿನ ವಿವೇಕಕ್ಕೆ ಬಿಟ್ಟ. ವಿವೇಕ ಕೈಕೊಟ್ಟ ಉದಾಹರಣೆಗಳನ್ನೂ ಅವನೇ ಕೊಡುತ್ತಾನೆ. ಚೋಳ ದೊರೆಯೊಬ್ಬನ ‘ಕೀಲ’ವೆಂಬ ಹೊಡೆತಕ್ಕೆ ಗಣಿಕೆ ಚಿತ್ರಸೇನೆ ಸತ್ತಳು. ಕುಂತಲದ ಶಾತಕರ್ಣಿ ಶಾತವಾಹನನ ‘ಕರ್ತರಿ’ಗೆ ಮಹಾದೇವಿ ಮಲಯವತಿ ಬಲಿಯಾದಳು. ಪಾಂಡ್ಯರ ಸೇನಾಪತಿ ನರದೇವ ಗುರಿ ತಪ್ಪಿ ಒಬ್ಬ ನರ್ತಕಿಯ ಕಣ್ಣು ಕಳೆದ. ಕುಂತಲವೆಂದರೆ ನಮ್ಮದೇ ನಾಡು. ಈ ಹೊಡೆತಗಳು ದಾಕ್ಷಿಣಾತ್ಯರ ಪದ್ಧತಿಯೆಂದೂ, ಇದು ಅನಾರ್ಯ ವರ್ತನೆಯೆಂದೂ ವಾತ್ಸ್ಯಾಯನ ಖಂಡಿಸಿದ್ದಾನೆ. ಇಂಥದೆಲ್ಲ ಪಶ್ಚಿಮದಿಂದ ಬಂದ ರೋಗವೆಂದು ವೇದಿಕೆಯ ಮೇಲೆ ಗುಡುಗುವ ನಮ್ಮ ಸಂಸ್ಕೃತಿ ರಕ್ಷಕರು ಈ ಅಧ್ಯಾಯವನ್ನೊಮ್ಮೆ ಓದಲಿ. ಮಲಯವತಿಯ ಕಾಲಕ್ಕೆ ಲಾಸ್ ಏಂಜಲಿಸ್ ಇರಲಿಲ್ಲ.

ವಾತ್ಸ್ಯಾಯನನಿಂದ ಬಗೆಹರಿಯದ ಈ ತೊಡಕನ್ನು ಆ ಚರ್ಮದ ಅಂಗಿಯವರು ಬಿಡಿಸಿದರು. ಆಟಕ್ಕೆ ಸಂಬಂಧವೇ ಇಲ್ಲದ ಒಂದು ಪದವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು; ಅದು ಕಿವಿಗೆ ಬಿದ್ದೊಡನೆ ಎಲ್ಲವೂ ನಿಲ್ಲಬೇಕು. ಅನೇಕರು ರಸ್ತೆಯ ದೀಪಗಳ ಬಣ್ಣಗಳನ್ನೇ ಬಳಸುತ್ತಾರೆ: ‘ರೆಡ್’ ಎಂದರೆ ನಿಲ್ಲಿಸು, ‘ಯೆಲ್ಲೊ’ ಎಂದರೆ ನಿಧಾನಿಸು. ಬಾಯಿ ಕಟ್ಟಿದ್ದರೆ ಕೈಯಲ್ಲಿ ಹಿಡಿದ ವಸ್ತುವನ್ನು ಕೆಳಗೆ ಬಿಡುವುದೇ ಸಂಜ್ಞೆ. ಹೀಗೆ ನಿಲ್ಲಿಸುವ ಅಧಿಕಾರ ಚಾವಟಿ ಹಿಡಿದವನಲ್ಲಿಲ್ಲ, ಬೆನ್ನು ಕೊಟ್ಟವನಲ್ಲಿದೆ. 1983ರಲ್ಲಿ ನ್ಯೂಯಾರ್ಕಿನ ಒಂದು ಕೂಟ ‘ಸುರಕ್ಷಿತ, ವಿವೇಕಯುತ, ಸಮ್ಮತ’ ಎಂಬ ಅರ್ಥದ ಮೂರು ಪದಗಳನ್ನು ತನ್ನ ಧ್ಯೇಯವಾಗಿ ಬರೆದುಕೊಂಡಿತು. ಅದು ಮುಂದೆ ಎಲ್ಲೆಡೆ ಹಬ್ಬಿತು.

ಈಗ ಚಿತ್ರಗಳನ್ನು ನೋಡಿ. 1980ರ ‘ಕ್ರೂಸಿಂಗ್’ನಲ್ಲಿ ಕೊಲೆಗಾರನನ್ನು ಹುಡುಕುವ ಪೊಲೀಸನಾಗಿ ಅಲ್ ಪಚೀನೊ ಈ ಪಾನಗೃಹಗಳಿಗೆ ಇಳಿಯುತ್ತಾನೆ. ಕರವಸ್ತ್ರದ ಬಣ್ಣಗಳ ಅರ್ಥವನ್ನು ಅಂಗಡಿಯವನೊಬ್ಬ ಅವನಿಗೆ ವಿವರಿಸುವ ದೃಶ್ಯವಿದೆ; ನಿಲ್ಲಿಸುವ ಪದದ ವಿವರಣೆಗೆ ನಿರ್ದೇಶಕನಿಗೆ ಪುರಸೊತ್ತಾಗಲಿಲ್ಲ. ಚಿತ್ರೀಕರಣ ನಡೆಯುತ್ತಿದ್ದಾಗಲೇ, 1979ರಲ್ಲಿ, ನ್ಯೂಯಾರ್ಕಿನ ಸಲಿಂಗಪ್ರೇಮಿಗಳು ಬೀದಿಗಿಳಿದು ಪ್ರತಿಭಟಿಸಿದ್ದು ಸಕಾರಣವಾಗಿಯೇ ಇತ್ತು. 1984ರ ‘ಪೊಲೀಸ್ ಅಕಾಡೆಮಿ’ಗೆ ಚರ್ಮದ ಅಂಗಿಯವರ ಪಾನಗೃಹವೆಂದರೆ ಬರಿಯ ತಮಾಷೆ. 1994ರ ‘ಪಲ್ಪ್ ಫಿಕ್ಷನ್’ನಲ್ಲಿ ನೆಲಮಾಳಿಗೆಯ ಪೆಟ್ಟಿಗೆಯಿಂದ ಹೊರಬರುವ ಮುಸುಕಿನ ಮನುಷ್ಯನಿಗೆ ಮಾತೇ ಇಲ್ಲ. ಇದಕ್ಕಿಂತ ಅಚ್ಚುಕಟ್ಟಾದ ಪುರಾವೆಯನ್ನು ನಾನು ಕೇಳಲಾರೆ: ಪೋಷಾಕು ಪೂರ್ತಿ, ಭಾಷೆ ಶೂನ್ಯ. ಅಷ್ಟರಲ್ಲಿ ಬಟ್ಟೆ ಮಾತ್ರ ರಾಜಬೀದಿಗೆ ಬಂದಿತ್ತು. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ 1974ರಿಂದ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ ರಬ್ಬರು, ಬಕಲು, ಸರಪಳಿಗಳನ್ನು ಮಾರಿ ‘ಪಂಕ್’ ಉಡುಪನ್ನು ಸೃಷ್ಟಿಸಿದರು. ‘ಜೂಡಸ್ ಪ್ರೀಸ್ಟ್’ ವೃಂದದ ರಾಬ್ ಹಾಲ್ಫರ್ಡ್ ಎಪ್ಪತ್ತರ ದಶಕದ ಕೊನೆಗೆ ಚರ್ಮ ಮತ್ತು ಲೋಹದ ಮೊಳೆಗಳನ್ನು ಹೆವಿ ಮೆಟಲ್ ಸಂಗೀತದ ಸಮವಸ್ತ್ರವಾಗಿಸಿದ. ವರ್ಸಾಚಿ 1992ರಲ್ಲಿ ಅದನ್ನೇ ಶ್ರೀಮಂತರ ಸಂಜೆಯುಡುಪಾಗಿಸಿದ. 2007ರಲ್ಲಿ ‘ಐರನ್ ಮೇಡನ್’, 2011ರಲ್ಲಿ ‘ಮೆಟಾಲಿಕಾ’ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅಲ್ಲಿ ಮೊಳೆಯ ಕೈಪಟ್ಟಿ ಕಟ್ಟಿಕೊಂಡು ನೆರೆದ ನಮ್ಮ ಹುಡುಗರಿಗೆ ಅದರ ವಂಶಾವಳಿ ಗೊತ್ತಿದ್ದಿರಲಾರದು. ಗೊತ್ತಿರಬೇಕೆಂದೇನೂ ಇಲ್ಲ.

ಕೋಟಿಗಟ್ಟಲೆ ಮಾರಾಟವಾದ ‘ಫಿಫ್ಟಿ ಷೇಡ್ಸ್ ಆಫ್ ಗ್ರೇ’ಯ ಅಪಚಾರ ಬೇರೆ ಬಗೆಯದು. 2011ರ ಈ ಕಾದಂಬರಿಯಲ್ಲಿ ಕರಾರುಪತ್ರವಿದೆ, ನಿಲ್ಲಿಸುವ ಪದವಿದೆ, ಗೆರೆಗಳ ಪಟ್ಟಿಯೂ ಇದೆ. ಆದರೆ ನಾಯಕ ಕರೆಯದೆ ಬರುತ್ತಾನೆ, ಬೇಡವೆಂದರೂ ಹಿಂಬಾಲಿಸುತ್ತಾನೆ, ಉಡುಗೊರೆಗಳಿಂದ ಬಾಯಿ ಮುಚ್ಚಿಸುತ್ತಾನೆ. ಅವನ ಅಭಿರುಚಿಗೆ ಬಾಲ್ಯದ ಗಾಯವೇ ಕಾರಣವೆಂದು ಕಾದಂಬರಿ ಸಾರುತ್ತದೆ, ಪ್ರೀತಿಯೇ ಔಷಧವಾಗುತ್ತದೆ. ಒಳನುಡಿಯನ್ನು ಎರವಲು ಪಡೆದು ಅದರ ನ್ಯಾಯವನ್ನು ಕೈಬಿಟ್ಟ ಕೃತಿ ಇದು. ಇದರ ಚಿತ್ರರೂಪಕ್ಕೆ 2015ರಲ್ಲಿ ನಮ್ಮ ಪ್ರಮಾಣೀಕರಣ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಹೆಣ್ಣನ್ನು ಹಿಂಬಾಲಿಸಿ ಹಿಂಬಾಲಿಸಿ ಕೊನೆಗೆ ಒಲಿಸಿಕೊಳ್ಳುವ ನಾಯಕರ ಭಾರತೀಯ ಚಿತ್ರಗಳಿಗೆ ಎಂದೂ ಒದಗದ ಆಪತ್ತು! 2002ರ ‘ಸೆಕ್ರೆಟರಿ’ ಚಿತ್ರವನ್ನು ಮಾತ್ರ ನಾನು ಈ ಗುಂಪಿನಿಂದ ಹೊರಗಿಡುತ್ತೇನೆ. ಅಲ್ಲಿ ಚರ್ಮದ ಅಂಗಿಯ ಬದಲು ಕಚೇರಿಯ ಉಡುಪು, ಚಾವಟಿಯ ಬದಲು ಬೆರಳಚ್ಚಿನ ತಪ್ಪುಗಳು. ವಿಷಯ ಬಟ್ಟೆಯಲ್ಲಿಲ್ಲವೆಂದು ಅರಿತ ನಿರ್ದೇಶಕನ ಕೆಲಸ ಅದು.

ಚಾವಟಿ ಕಂಡಲ್ಲೆಲ್ಲ ಒಂದೇ ಅರ್ಥ ಹಚ್ಚುವವರು ಮುಂಬಯಿಯ ಇತಿಹಾಸವನ್ನೂ ಮರೆತಿದ್ದಾರೆ. 1935ರಲ್ಲಿ ವಾಡಿಯಾ ಮೂವಿಟೋನಿನ ‘ಹಂಟರ್‌ವಾಲಿ’ಯಲ್ಲಿ ನಾದಿಯಾ ಮುಖವಾಡ, ಎತ್ತರದ ಬೂಟು, ಕೈಯಲ್ಲಿ ಹಂಟರು ಸಹಿತ ತೆರೆಗೆ ಬಂದಾಗ ಗಿರಣಿಯ ಕಾರ್ಮಿಕರು ಸಿಳ್ಳೆ ಹೊಡೆದು ಸ್ವಾಗತಿಸಿದರು, ಅಲ್ಲಿ ಚಾವಟಿ ನ್ಯಾಯದ ಆಯುಧ. ಇಂದಿಗೂ ಮಹಾರಾಷ್ಟ್ರದ ಪೇಟೆಗಳಲ್ಲಿ ಪೋತರಾಜ, ನಮ್ಮ ಉತ್ತರ ಕರ್ನಾಟಕದಲ್ಲಿ ದುರುಗಮುರುಗಿಯವನು ತನ್ನ ಮೈಮೇಲೆ ತಾನೇ ಚಾವಟಿ ಬೀಸಿಕೊಳ್ಳುತ್ತಾನೆ. ಅಲ್ಲಿ ಅದು ದೇವಿಯ ಸೇವೆ ಮತ್ತು ಹೊಟ್ಟೆಪಾಡು. ಸ್ನಾತಕೋತ್ತರ ತರಗತಿಯಲ್ಲಿ ನಮ್ಮ ಅಧ್ಯಾಪಕರೊಬ್ಬರು ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯನ್ನು ಸ್ವಪೀಡನಕಾಮಿಯೆಂದು ಒಂದೇ ಮಾತಿನಲ್ಲಿ ವಿವರಿಸಿ ಮುಗಿಸಿದ್ದರು. ತಡವಾಗಿ ಬಂದಳೆಂದು ಅಷ್ಟಾವಂಕ ಆಕೆಯನ್ನು ಬಡಿಯುತ್ತಾನೆ, ಆಕೆ ಅಂಗಲಾಚುತ್ತಾಳೆ. ಆದರೆ ಅವರಿಬ್ಬರ ನಡುವೆ ಗೊತ್ತುಪಡಿಸಿದ ಗೆರೆ ಎಲ್ಲಿದೆ, ನಿಲ್ಲಿಸುವ ಪದ ಎಲ್ಲಿದೆ? ಅದು ಬಡಿತ. 1209ರ ಜನ್ನನಿಗೆ ಅದು ಬಡಿತವೆಂದು ಚೆನ್ನಾಗಿ ಗೊತ್ತಿತ್ತು.

ಈ ಜನರ ಮೇಲಿನ ಅತ್ಯಂತ ಗಂಭೀರವಾದ ಆಕ್ಷೇಪ ಸೂಸನ್ ಸಾಂಟ್ಯಾಗ್ 1975ರಲ್ಲಿ ಬರೆದ ಫ್ಯಾಸಿಸಂ ಕುರಿತ ಪ್ರಬಂಧದ್ದು. ನಾತ್ಸಿ ಪಡೆಯ ಕಪ್ಪು ಸಮವಸ್ತ್ರ ಕಾಮದ ಅಲಂಕಾರವಾಗುವುದನ್ನು ಕಂಡು ಆಕೆ ಬೆಚ್ಚಿದರು. ನಾನೂ ಬಹುಕಾಲ ಸಮವಸ್ತ್ರ ತೊಟ್ಟ ಇಲಾಖೆಯವನು. ಭುಜದ ಮೇಲಿನ ಪಟ್ಟಿಗೆ ಎದುರಿನವರು ಎಷ್ಟು ಬೇಗ ಬಾಗುತ್ತಾರೆಂಬುದೂ, ಆ ಬಾಗುವಿಕೆ ತೊಟ್ಟವನಿಗೆ ಎಂಥ ಮದವೇರಿಸುತ್ತದೆಂಬುದೂ ಗೊತ್ತು. ಆದ್ದರಿಂದ ಕೋಟ್ಯಂತರ ಜನರ ಹತ್ಯೆಯ ಗುರುತನ್ನು ವಿಲಾಸಕ್ಕೆ ತೊಡುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸಾಂಟ್ಯಾಗ್ ಅವರ ಕಣ್ಣೂ ಬಟ್ಟೆಯಲ್ಲಿಯೇ ಸಿಕ್ಕಿಕೊಂಡಿತು. ಸೆರೆಶಿಬಿರದಲ್ಲಿ ನಿಲ್ಲಿಸುವ ಪದವಿರಲಿಲ್ಲ. ನನ್ನ ಸಮವಸ್ತ್ರದ ಮುಂದೆ ಕೈಕಟ್ಟಿ ನಿಂತ ಬಡಪಾಯಿಗೂ ಅದಿರಲಿಲ್ಲ.

ಕೋರ್ಟುಗಳೂ ಇದೇ ಜಾಡನ್ನು ಹಿಡಿದವು. ಪರಸ್ಪರ ಒಪ್ಪಿ ನಡೆಸಿದ ಇಂಥ ಕೃತ್ಯಗಳಿಗಾಗಿ ಶಿಕ್ಷೆಗೊಳಗಾದ ಗಂಡಸರ ಮೇಲ್ಮನವಿಯನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ ಮೂರಕ್ಕೆ ಎರಡರ ಬಹುಮತದಿಂದ ತಳ್ಳಿಹಾಕಿತು; ಸಮ್ಮತಿ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1997ರಲ್ಲಿ ಅದರಲ್ಲಿ ತಪ್ಪು ಕಾಣಲಿಲ್ಲ. ವೈದ್ಯರು ನ್ಯಾಯಾಧೀಶರಿಗಿಂತ ಮುಂದೆ ಹೋದರು: ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 2022ರಲ್ಲಿ ಜಾರಿಗೆ ಬಂದ ಆವೃತ್ತಿಯಲ್ಲಿ ಸಮ್ಮತಿಯಿಂದ ನಡೆಯುವ ಈ ಅಭಿರುಚಿಗೆ ರೋಗದ ಸ್ಥಾನವಿಲ್ಲ, ಒಪ್ಪದವರ ಮೇಲೆ ಬಲಾತ್ಕಾರವಾಗಿ ಹೇರುವುದು ಮಾತ್ರ ಉಳಿದಿದೆ. ಇತ್ತ ಹೆಣ್ಣನ್ನು ಕೊಂದು ‘ಆಟದಲ್ಲಿ ಹೀಗಾಯಿತು, ಅವಳೇ ಕೇಳಿದ್ದಳು’ ಎಂದು ಕೋರ್ಟಿನಲ್ಲಿ ಹೇಳುವ ಗಂಡಸರು ಹೆಚ್ಚಿದ್ದರಿಂದ ಬ್ರಿಟನ್ 2021ರಲ್ಲಿ ಶಾಸನ ಮಾಡಿ ಆ ಸಮರ್ಥನೆಯ ಬಾಗಿಲು ಮುಚ್ಚಬೇಕಾಯಿತು. ಜನಪ್ರಿಯ ಚಿತ್ರಣ ಯಾರಿಗೆ ಉಪಕಾರ ಮಾಡಿತೆಂಬುದು ಇದರಿಂದ ತಿಳಿಯುತ್ತದೆ. ಪೋಷಾಕು ಮತ್ತು ಪೆಟ್ಟು ಮಾತ್ರ ಜಗತ್ತಿಗೆ ತಲುಪಿದ್ದರಿಂದ ಕೊಲೆಗಾರನಿಗೆ ಒಂದು ವೇಷ ಸಿಕ್ಕಿತು. ನಿಲ್ಲಿಸುವ ಪದವೂ ತಲುಪಿದ್ದರೆ, ‘ಆಕೆಯ ಪದ ಯಾವುದಿತ್ತು, ಅದನ್ನು ನೀನು ಕೇಳಿಸಿಕೊಂಡೆಯಾ’ ಎಂಬುದು ಅವನನ್ನು ಕೇಳುವ ಮೊದಲ ಪ್ರಶ್ನೆಯಾಗುತ್ತಿತ್ತು.

ಕೊನೆಗೆ ನಮ್ಮ ಮನೆಯ ಮಾತು. ಸರ್ಕಾರಿ ನೌಕರರ 1964ರ ನಡತೆ ನಿಯಮಾವಳಿಯ 9ನೆಯ ನಿಯಮ ಸರ್ಕಾರದ ನೀತಿಯನ್ನು ಟೀಕಿಸದಂತೆ ನನ್ನನ್ನು ತಡೆಯುತ್ತದೆ. ಆದ್ದರಿಂದ ಶಾಸನದ ಅಕ್ಷರವನ್ನಷ್ಟೇ ಓದುಗರ ಮುಂದಿಡುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೆಯ ಪ್ರಕರಣ ಹಳೆಯ ದಂಡಸಂಹಿತೆಯ 87ನೆಯದೇ ಹೊಸ ರೂಪ. ಹದಿನೆಂಟು ದಾಟಿದವರು ತಾವಾಗಿ ಒಪ್ಪಿ ಅನುಭವಿಸುವ ಪೆಟ್ಟು, ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉದ್ದೇಶಿಸದಿದ್ದರೆ, ಅಪರಾಧವಲ್ಲವೆಂದು ಅದು ಹೇಳುತ್ತದೆ; ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪಿದ ಇಬ್ಬರನ್ನು ದೃಷ್ಟಾಂತವಾಗಿ ಕೊಡುತ್ತದೆ. ಅಂದರೆ ಇಂಗ್ಲೆಂಡಿನ ಲಾರ್ಡುಗಳು ಕಾಣಲೊಲ್ಲದ ಸಮ್ಮತಿಯನ್ನು ನಮ್ಮ ಶಾಸನ 1860ರಲ್ಲಿಯೇ ಕಂಡಿತ್ತು. ಅದೇ ಸಂಹಿತೆಯ 63ನೆಯ ಪ್ರಕರಣದ ಎರಡನೆಯ ವಿನಾಯಿತಿಗೆ ಬನ್ನಿ. ಹೆಂಡತಿ ಹದಿನೆಂಟಕ್ಕಿಂತ ಕೆಳಗಿನವಳಲ್ಲದಿದ್ದರೆ ಗಂಡನು ಆಕೆಯೊಡನೆ ನಡೆಸುವ ಸಂಭೋಗ ಅತ್ಯಾಚಾರವಾಗದು. ಕತ್ತಿ ಆಡುವವನ ‘ಹೂಂ’ ಬೇಕು. ಹಾಸಿಗೆಯಲ್ಲಿ ಹೆಂಡತಿ ಹೇಳುವ ‘ಬೇಡ’ಕ್ಕೆ ಆ ಪ್ರಕರಣದಲ್ಲಿ ಸ್ಥಳವಿಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯ 2022ರ ಮಾರ್ಚಿನಲ್ಲಿ, ಗಂಡನ ಲೈಂಗಿಕ ಕ್ರೌರ್ಯದ ಬಗ್ಗೆ ಹೆಂಡತಿಯೊಬ್ಬಳು ಕೊಟ್ಟ ದೂರಿನ ಮೊಕದ್ದಮೆಯಲ್ಲಿ, ಅವನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ಒಪ್ಪಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಈ ವಿನಾಯಿತಿಯ ಬಗ್ಗೆ ಭಿನ್ನ ತೀರ್ಪುಗಳನ್ನು ಬರೆದರು. ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಆದೇಶಕ್ಕೆ ತಡೆ ಕೊಟ್ಟಿತು. ಇದರ ಮೇಲೆ ನಮ್ಮ ಸಂಘದಲ್ಲಿ ಒಂದು ವಿಚಾರಗೋಷ್ಠಿ ಏರ್ಪಡಲಿ. ಚರ್ಮದ ಅಂಗಿಯವರ ಅಧಃಪತನದ ಬಗ್ಗೆ ಭಾಷಣ ಸಿದ್ಧಪಡಿಸಿಕೊಂಡಿರುವ ಮಹನೀಯರೂ ಬರಲಿ, ಬರುವಾಗ ಆ 63ನೆಯ ಪ್ರಕರಣದ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಲಿ.